ಮರಚಿತ್ರದೊಳಗಿನ ಅರಸ

ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಕಾಲದಲ್ಲಿ ತಿಳಿಗೊಳ ಎಂಬ ಒಂದು ರಾಜ್ಯವಿತ್ತು. ರಾಜ್ಯ ಎಂದರೆ ಭಾರಿ ದೊಡ್ಡದೇನಲ್ಲ. ಬೆಳಿಗ್ಗೆ ತಿಂಡಿ ತಿಂದು ಕುದುರೆ ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಗಡಿ ಮುಟ್ಟಬಹುದಿತ್ತು. ಆದರೆ ಅಲ್ಲಿನ ಹಳೆಯ ಅರಮನೆಯಲ್ಲಿದ್ದಂಥ ಸಾಮಾನು ಮಾತ್ರ ಸುತ್ತಲಿನ ಯಾವ ರಾಜ್ಯದಲ್ಲೂ ಇರಲಿಲ್ಲ.

ಹಿಂದೆ ಆಳಿದ ತಾತರಾಜನಿಗೆ ಆನೆಯ ಹುಚ್ಚಿರಲಿಲ್ಲ, ಯುದ್ಧದ ಹುಚ್ಚಿರಲಿಲ್ಲ. ಅವನಿಗಿದ್ದದ್ದು ಫ್ರಾನ್ಸ್ ದೇಶದ ಮೇಜು ಕುರ್ಚಿಗಳ ಹುಚ್ಚು. ಹಡಗಿನ ಮೇಲೆ ಹಡಗು ತರಿಸಿ ಒಂದು ದೊಡ್ಡ ತೊಟ್ಟಿಮನೆಯನ್ನೇ ತುಂಬಿಸಿದ. ಅದಕ್ಕೆ ಚಿತ್ರದ ಮನೆ ಎಂದು ಹೆಸರಾಯಿತು. ಸುರುಳಿ ಮುಚ್ಚಳದ ಬರೆಯುವ ಮೇಜು ಅಲ್ಲಿತ್ತು. ಹಿತ್ತಾಳೆ ಸಿಂಹಗಳೇ ಕಾಲಾಗಿದ್ದ ದುಂಡು ಮೇಜಿತ್ತು. ಎರಡಾಳೆತ್ತರದ ಬೀರು ಇತ್ತು. ಹಬ್ಬದೂಟ ಮುಗಿಸಿದ ಯಜಮಾನನ ಹಾಗೆ ಹೊಟ್ಟೆ ಮುಂದಿಟ್ಟುಕೊಂಡು ಕೂತ ಮೂರು ಖಾನೆಯ ಪೆಟ್ಟಿಗೆಯೂ ಇತ್ತು. ಅದನ್ನು ಎಲ್ಲರೂ ಉಬ್ಬುಹೊಟ್ಟೆ ಎಂದೇ ಕರೆಯುತ್ತಿದ್ದರು.

ಇವುಗಳ ಮೇಲೆ ಕುಂಚ ಆಡಿಸಿದ ಗುರುತಿರಲಿಲ್ಲ, ಆದರೂ ಮೈತುಂಬ ಚಿತ್ರ. ಎಲೆಯಷ್ಟು ತೆಳ್ಳಗಿನ ಮರದ ಪದರಗಳನ್ನು ಸಣ್ಣ ಗರಗಸದಿಂದ ಕೊರೆದು, ಚೂರಿಗೆ ಚೂರು ಸೇರಿಸಿ, ಅಂಟು ಹಾಕಿ ಕೂರಿಸಿದ ಮರಚಿತ್ರಗಳು ಅವು. ಗಿಳಿ, ಗುಲಾಬಿ, ಪಿಟೀಲು, ಹೂಬುಟ್ಟಿ ಹೊತ್ತ ಹೆಂಗಸು, ಎಲ್ಲವೂ ಮರವೇ. ತರಿಸಿದಾಗ ಗಿಳಿ ಹಸಿರಾಗಿತ್ತಂತೆ, ಗುಲಾಬಿ ಕೆಂಪಾಗಿತ್ತಂತೆ. ಬಿಸಿಲು ಕುಡಿದು ಕುಡಿದು ಈಗ ಎಲ್ಲವೂ ಚಹಾದ ಬಣ್ಣಕ್ಕೆ ಬಂದಿದ್ದವು. ಅದಕ್ಕೇ ಆ ಮನೆಯ ಕಿಟಕಿಗಳನ್ನು ಮಧ್ಯಾಹ್ನ ಮುಚ್ಚಿಡುತ್ತಿದ್ದರು. ಆ ಕುರ್ಚಿಗಳ ಮೇಲೆ ಯಾರೂ ಕೂರುತ್ತಿರಲಿಲ್ಲ.

ಆಗ ತಿಳಿಗೊಳವನ್ನು ಆಳುತ್ತಿದ್ದವನು ಸಿಂಗರಸ. ಎಳೆ ವಯಸ್ಸು, ಮೃದು ಮಾತು. ಅವನಿಗೆ ಒಬ್ಬಳೇ ತಂಗಿ, ಹಂಸಾಜಮ್ಮಣ್ಣಿ. ಅಷ್ಟುದ್ದ ಕರೆಯಲು ಪುರುಸೊತ್ತಿಲ್ಲದೆ ಎಲ್ಲರೂ ಹಂಸಾಜಿ ಎನ್ನುತ್ತಿದ್ದರು. ತಂದೆತಾಯಿ ಇಲ್ಲದ ಮನೆಯಲ್ಲಿ ಅಣ್ಣನೇ ಅವಳಿಗೆ ಅಪ್ಪ, ಅವನೇ ಅಮ್ಮ, ಜಗಳಕ್ಕೆ ಜೊತೆಗಾರನೂ ಅವನೇ.

ತಿಳಿಗೊಳದಲ್ಲಿ ಒಂದು ಮರ್ಯಾದೆ ಇತ್ತು. ಬಂದ ನೆಂಟರು ನಿಮ್ಮ ಮನೆಯ ಯಾವುದಾದರೂ ವಸ್ತುವನ್ನು ಚೆಂದ ಎಂದರೆ, ನೀವು "ನಿಮ್ದೇ" ಎನ್ನಬೇಕು. ಕೂಡಲೇ ಅವರು "ನಿಮ್ಮಲ್ಲೇ ಇರಲಿ" ಎನ್ನಬೇಕು. ಅಲ್ಲಿಗೆ ವಸ್ತು ಇದ್ದಲ್ಲೇ ಇರುತ್ತದೆ, ಇಬ್ಬರ ಮನಸ್ಸೂ ತಂಪಾಗುತ್ತದೆ. ಮಕ್ಕಳು ಅಮ್ಮ ಅಪ್ಪ ಎಂದು ಕಲಿತ ಮೇಲೆ ಕಲಿಯುತ್ತಿದ್ದ ಮಾತೇ ಅದು. ಹಂಸಾಜಿಯೊಬ್ಬಳು ಮಾತ್ರ ಚಿಕ್ಕಂದಿನಲ್ಲಿ, ಅತ್ತೆಯ ಮಗಳು ಬಳೆ ಹೊಗಳಿದಾಗ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು "ನಂದು" ಎಂದು ಕಿರುಚಿ ಬೈಸಿಕೊಂಡಿದ್ದಳು.

ಒಂದು ದಿನ ಮಧ್ಯಾಹ್ನ ಒಬ್ಬ ಅತಿಥಿ ಬಂದ. ಹೆಸರು ವರ್ಣಾಕ್ಷ. ನೀಳ ಬೆರಳು, ಬಿಳಿ ಮುಖ, ವಯಸ್ಸು ಇಷ್ಟೇ ಎಂದು ಹೇಳಲಾಗದ ಮೈ. ಹಳೆಯ ಮರಚಿತ್ರಗಳನ್ನು ನೋಡಲು ದೂರದ ದೇಶದಿಂದ ಬಂದೆ ಎಂದ. ಚಿತ್ರದ ಮನೆಯನ್ನು ನೋಡಿಕೊಳ್ಳುತ್ತಿದ್ದ ಮುದುಕಿ ತುಂಗಮ್ಮ ಅವನಿಗೆ ಮಜ್ಜಿಗೆ ತಂದುಕೊಟ್ಟಳು. ಅವನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ.

"ಒಂದೆಲಗ ಹಾಕಿದ್ದೀರಾ?" ಎಂದ.

ಮಜ್ಜಿಗೆಗೆ ಒಂದೆಲಗ ಅರೆದು ಹಾಕುವುದು ತಿಳಿಗೊಳದವರು ಮಾತ್ರ. ಪರದೇಶಿಗೆ ಇದು ಹೇಗೆ ಗೊತ್ತು ಎಂದು ಹಂಸಾಜಿಗೆ ಅನ್ನಿಸಿತು. ಅನ್ನಿಸಿ ಮರೆತೂ ಹೋಯಿತು.

ವರ್ಣಾಕ್ಷ ಮೇಜನ್ನು ನೋಡಿದ, ಬೀರುವನ್ನು ನೋಡಿದ, ಉಬ್ಬುಹೊಟ್ಟೆಯನ್ನು ನೋಡಿದ. ಯಾವುದನ್ನೂ ಹೊಗಳಲಿಲ್ಲ. ಕೊನೆಗೆ ತಿರುಗಿ, ಹಳದಿ ರುಮಾಲು, ಹಸಿರು ಅಂಗಿಯಲ್ಲಿ ಮಜ್ಜಿಗೆ ಲೋಟ ಹಿಡಿದು ನಿಂತಿದ್ದ ಸಿಂಗರಸನನ್ನು ನೋಡಿದ.

"ಈ ಮನೇಲಿ ಎಲ್ಲಕ್ಕಿಂತ ಚೆಂದ ಇರೋದು ನೀವೇ, ಪ್ರಭು."

ಸಿಂಗರಸ ನಾಚಿಕೊಂಡ. ನಾಚಿಕೊಂಡು, ಹುಟ್ಟಿದಂದಿನಿಂದ ಹೇಳುತ್ತ ಬಂದದ್ದನ್ನೇ ಹೇಳಿದ.

"ನಿಮ್ದೇ."

ವರ್ಣಾಕ್ಷ "ನಿಮ್ಮಲ್ಲೇ ಇರಲಿ" ಎನ್ನಲಿಲ್ಲ.

"ಆಗಲಿ," ಎಂದ.

ಹಂಸಾಜಿ ಕಣ್ಣು ಮಿಟುಕಿಸಿದಳು. ಅಣ್ಣ ನಿಂತಲ್ಲಿ ಅಣ್ಣ ಇರಲಿಲ್ಲ, ಅತಿಥಿ ನಿಂತಲ್ಲಿ ಅತಿಥಿ ಇರಲಿಲ್ಲ. ಎತ್ತರದ ಬೀರುವಿನ ಬಾಗಿಲ ಮೇಲೆ, ಆ ಗಳಿಗೆಯವರೆಗೂ ಏನೂ ಇಲ್ಲದಿದ್ದಲ್ಲಿ, ಕಪ್ಪು ಹಲಗೆಯ ನಡುವೆ ತಿಳಿಮರದ ಒಬ್ಬ ಅರಸ ನಿಂತಿದ್ದ. ಹಳದಿ ರುಮಾಲು, ಹಸಿರು ಅಂಗಿ, ಕೈಯಲ್ಲಿ ಮಜ್ಜಿಗೆ ಲೋಟ.

ಹಂಸಾಜಿ ಓಡಿಹೋಗಿ ಬಾಗಿಲಿಗೆ ಕಿವಿಯಿಟ್ಟಳು. ಒಳಗಿನಿಂದ ಮರ ಬಿರಿದಷ್ಟೇ ಸಣ್ಣ ದನಿ ಬಂತು.

"ಹಂಸಿ, ಬಿಸಿಲು ಬೀಳ್ತಿದೆ. ನನ್ನ ಬಣ್ಣ ಹೋಗ್ತಿದೆ. ಪೂರ್ತಿ ಹೋದ್ರೆ ನಾನು ಮರಾನೇ ಆಗ್ಬಿಡ್ತೀನಿ. ಅವನು ಉಬ್ಬುಹೊಟ್ಟೆಯ ಕೆಳಗಿನ ಖಾನೇಲಿ ಇಳಿದು ಹೋದ, ನಾನು ನೋಡ್ದೆ."

ತುಂಗಮ್ಮ ಅತಿಥಿಗೆಂದು ತೆರೆದಿದ್ದ ಕಿಟಕಿಗಳನ್ನು ಆಗಲೇ ಮುಚ್ಚುತ್ತಿದ್ದಳು, ಅಳುತ್ತಲೂ ಇದ್ದಳು, ಅತಿಥಿಯನ್ನು ಬೈಯುತ್ತಲೂ ಇದ್ದಳು. "ನನ್ನ ಮಜ್ಜಿಗೆ ಕುಡ್ದು ಹಿಂಗ್ ಮಾಡ್ದ್ನಲ್ಲ, ಅವ್ನ ಮನೆ ಹಾಳಾಗ! ಕಿಟ್ಕಿ ಮುಚ್ಚಿದ್ರೂ ಬಣ್ಣ ನಿಲ್ಲಲ್ಲ, ಅಮ್ಮಣ್ಣಿ. ಗಾಳಿನೂ ಕುಡೀತದೆ. ಇವನ್ನೆಲ್ಲ ಒರೆಸ್ಕಂಡೇ ಮುದುಕಿ ಆದೋಳು ನಾನು, ನಂಗೊತ್ತು."

ಹಂಸಾಜಿ ಉಬ್ಬುಹೊಟ್ಟೆಯ ಕೆಳಗಿನ ಖಾನೆಯನ್ನು ಎಳೆದಳು. ತಾತನ ಕಾಲದಿಂದ ಬೆಳಕು ಬೀಳದ ಖಾನೆ ಅದು. ಅದರ ತಳದ ಮರಚಿತ್ರದಲ್ಲಿ ಹುಲ್ಲು ಇನ್ನೂ ಹಚ್ಚಹಸಿರಾಗಿತ್ತು, ಗುಲಾಬಿ ಇನ್ನೂ ಕೆಂಪಾಗಿತ್ತು. ಹುಲ್ಲಿನ ನಡುವೆ ಒಂದು ದಾರಿ ಹೋಗುತ್ತಿತ್ತು. ಅವಳು ಒಂದು ಕಾಲಿಟ್ಟಳು. ಕಾಲು ಹುಲ್ಲಿಗೆ ತಾಗಿತು.

"ಹೋಗಿ ಬರ್ತೀನಿ, ತುಂಗಮ್ಮ," ಎಂದಳು.

"ಬರ್ಲೇಬೇಕು," ಎಂದಳು ತುಂಗಮ್ಮ.

ಹಂಸಾಜಿ ಇಳಿದ ದೇಶದಲ್ಲಿ ಎಲ್ಲವೂ ಮರವೇ. ಹೊಳೆಯಲ್ಲಿ ನೀರಿನ ಬದಲು ಮರದ ಗೆರೆಗಳು ನಿಧಾನವಾಗಿ ಹರಿಯುತ್ತಿದ್ದವು. ಆಕಾಶ ನಯವಾಗಿ ಹೊಳೆಯುತ್ತಿತ್ತು, ಯಾರೋ ಈಗಷ್ಟೇ ಮೇಣ ತಿಕ್ಕಿ ಹೋದ ಹಾಗೆ. ನೆರಳುಗಳಿಂದ ಸುಟ್ಟ ವಾಸನೆ ಬರುತ್ತಿತ್ತು, ಏಕೆಂದರೆ ಆ ದೇಶದಲ್ಲಿ ಮರದ ಚೂರನ್ನು ಬಿಸಿ ಮರಳಿನಲ್ಲಿ ಅದ್ದಿ, ಕಂದಿಸಿ ನೆರಳು ಮಾಡುತ್ತಾರೆ. ಗಾಳಿ ಬೀಸಿದರೆ ಎಲೆಗಳು ಅಲುಗುತ್ತಿರಲಿಲ್ಲ, ಸಣ್ಣಗೆ ಟಕಟಕ ಎನ್ನುತ್ತಿದ್ದವು ಅಷ್ಟೇ. ಅಲ್ಲಿ ಹೊತ್ತು ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಹಂಸಾಜಿಗೆ ತಾನು ನಡೆಯುತ್ತಿದ್ದೇನೆಯೋ ಕನಸು ಕಾಣುತ್ತಿದ್ದೇನೆಯೋ ತಿಳಿಯಲಿಲ್ಲ.

ಮೊದಲು ಒಂದು ಬಾಗಿಲು ಬಂತು. ಬಾಗಿಲ ಮೇಲೆ ಮರದ ಗಿಳಿ ಕೂತಿತ್ತು.

"ಯಾರದು?" ಎಂದಿತು ಗಿಳಿ.

"ನಾನು ಹಂಸಾಜಿ. ಅಣ್ಣನನ್ನು ಬಿಡಿಸೋಕೆ ಬಂದೆ."

"ಆಹಾ, ಎಂಥಾ ದನಿ ನಿಂದು! ಎಷ್ಟು ಚೆಂದ!"

"ನಿ..." ಎಂದು ಅವಳ ಬಾಯಿಗೆ ಬಂದೇಬಿಟ್ಟಿತು. ಅಷ್ಟರಲ್ಲಿ ಅಣ್ಣ ನಿಂತಿದ್ದ ಖಾಲಿ ಜಾಗ ಕಣ್ಣ ಮುಂದೆ ಬಂದು ನಾಲಿಗೆ ಕಚ್ಚಿಕೊಂಡಳು. ಬಾಯಲ್ಲಿ ರಕ್ತದ ರುಚಿ ಬಂತು.

"ನನ್ನ ದನಿ ನಂಗೆ ಬೇಕು. ಕೊಡಲ್ಲ," ಎಂದಳು.

ಗಿಳಿ ದಂಗಾಯಿತು. "ಕೊಡಲ್ಲ ಅನ್ನೋದಾ? ಯಾರೂ ಹಾಗನ್ನಲ್ಲ! ನಿಮ್ಮ ಮನೇಲಿ ಮರ್ಯಾದೆ ಕಲಿಸಿಲ್ವಾ?"

"ಕಲಿಸಿದ್ರು. ನಾನು ಕಲೀಲಿಲ್ಲ."

ಗಿಳಿಗೆ ಯಜಮಾನ ಕಲಿಸಿದ್ದು ಅಷ್ಟೇ ಮಾತು. ಬಾಗಿಲು ತಾನಾಗಿ ತೆರೆಯಿತು.

ಆಮೇಲೆ ಒಂದು ಬಯಲು ಬಂತು. ಬಯಲಿನಲ್ಲಿ ಎರಡು ಹಿತ್ತಾಳೆ ಸಿಂಹಗಳು ಬೆಟ್ಟದಷ್ಟು ದೊಡ್ಡ ಮೇಜನ್ನು ಬೆನ್ನ ಮೇಲೆ ಹೊತ್ತು ನಿಂತಿದ್ದವು.

"ಎಂಥಾ ನಡಿಗೆ, ತಾಯಿ! ಎಂಥಾ ಚೆಂದದ ಪಾದ!" ಎಂದವು ಒಟ್ಟಿಗೆ. ಆದರೆ ಆ ಮಾತಿನಲ್ಲಿ ಉಸಿರಿಗಿಂತ ನಿಟ್ಟುಸಿರೇ ಹೆಚ್ಚಿತ್ತು.

ಹಂಸಾಜಿ ಈ ಸಲ ನಾಲಿಗೆ ಕಚ್ಚಲಿಲ್ಲ. ಸಿಂಹಗಳ ಮುಖ ನೋಡಿದಳು. ಕಾಲು ನೋವಿನವರು ಬೇರೆಯವರ ಕಾಲನ್ನು ಹೇಗೆ ನೋಡುತ್ತಾರೋ ಹಾಗೆ ನೋಡುತ್ತಿದ್ದವು ಅವು.

"ಎಷ್ಟು ಕಾಲದಿಂದ ಹೊತ್ತಿದ್ದೀರಿ?" ಎಂದು ಕೇಳಿದಳು.

"ಯಾರೂ ಇಳಿಸು ಅನ್ಲಿಲ್ಲ, ತಾಯಿ."

"ಪಾದ ಕೊಡೋಕಾಗಲ್ಲ. ಹೆಗಲು ಕೊಡ್ತೀನಿ, ಸ್ವಲ್ಪ ಹೊತ್ತು ಮಾತ್ರ," ಎಂದು ಮೇಜಿನ ಕೆಳಗೆ ಹೊಕ್ಕಳು.

ಒಂದು ಸಿಂಹ ಹೊರಗೆ ಬಂದು ಮೈ ಮುರಿಯಿತು, ಆಕಳಿಸಿತು, ಹುಲ್ಲಿನಲ್ಲಿ ಹೊರಳಾಡಿತು. ಆಮೇಲೆ ಇನ್ನೊಂದು ಬಂತು. ಅಷ್ಟರಲ್ಲಿ ಹಂಸಾಜಿಯ ಹೆಗಲು ಜಜ್ಜಿಹೋಗಿತ್ತು, ಕಣ್ಣಲ್ಲಿ ನೀರು ನಿಂತಿತ್ತು. ಸಿಂಹಗಳು ಮತ್ತೆ ಭಾರ ಹೊತ್ತುಕೊಂಡು ಹೇಳಿದವು:

"ಒಂದು ಮಾತು ಕೇಳಿಸ್ಕೊ. ಅವನು ಎರಡು ಪದರ ಒಂದರ ಮೇಲೊಂದು ಇಟ್ಟು ಕೊರೀತಾನೆ. ತಿಳಿ ಪದರ ಅವನು ಹಿಡಿದೋರದ್ದು. ಕಪ್ಪು ಪದರ ಅವನದೇ ಮೈಯಿಂದ ಸುಲಿದದ್ದು. ಒಂದು ಕೊರೆತಕ್ಕೆ ಎರಡು ಚಿತ್ರ ಆಗ್ತವೆ. ಕಪ್ಪು ಹಲಗೇಲಿ ತಿಳಿ ಗೊಂಬೆ ಒಂದು, ತಿಳಿ ಹಲಗೇಲಿ ಕಪ್ಪು ಗೊಂಬೆ ಇನ್ನೊಂದು. ಮೊದಲನೇದನ್ನ ನಿಮ್ಮನೇಲಿರೋಂಥ ಸಾಮಾನಿಗೆ ಅಂಟಿಸಿ ಲೋಕಕ್ಕೆ ತೋರಿಸ್ತಾನೆ, ಎರಡನೇದನ್ನ ಹಿಂದಿನ ಕೋಣೆಗೆ ಎಸೀತಾನೆ. ನಿಮ್ಮಣ್ಣನ ಗೊಂಬೆ ಅವನದೇ ತಿಳಿ ಹಲಗೆಗೆ ವಾಪಸು ಸೇರಿದ್ರೆ ಅವನು ಎದ್ದು ಬರ್ತಾನೆ."

ಮೂರನೆಯದಾಗಿ ಒಂದು ಸೇತುವೆ ಬಂತು. ಸೇತುವೆಯ ಮೇಲೆ ಹೂಬುಟ್ಟಿ ಹಿಡಿದ ಹೆಂಗಸು ನಿಂತಿದ್ದಳು. ಅವಳ ಮುಖ ಪೂರ್ತಿ ಚಹಾದ ಬಣ್ಣಕ್ಕೆ ತಿರುಗಿತ್ತು. ಕಣ್ಣಿನ ಮೂಲೆಯಲ್ಲಿ ಮಾತ್ರ ಸಾಸಿವೆಯಷ್ಟು ನೀಲಿ ಉಳಿದಿತ್ತು. ಅವಳು ಹಂಸಾಜಿಯ ಗಲ್ಲ ಹಿಡಿದು, ತಾಯಿಯ ಹಾಗೆ ಮೆಲ್ಲಗೆ ಕೇಳಿದಳು.

"ಯಾರನ್ನ ನೆನೆಸ್ಕೊಂಡು ಇಷ್ಟು ದೂರ ಬಂದೆ, ಮಗಳೇ?"

"ಅಣ್ಣನ್ನ."

"ಆ ನೆನಪು ಎಷ್ಟು ಚೆಂದ!"

ಇದು ಕಷ್ಟದ್ದು. ದನಿಯನ್ನು ಕೊಡಲ್ಲ ಎನ್ನಬಹುದು. ಆದರೆ ತಾಯಿ ಇಲ್ಲದ ಹುಡುಗಿಯ ಗಲ್ಲ ಹಿಡಿದು ಯಾರಾದರೂ ಮಾತಾಡಿದರೆ ಅವಳು ಏನನ್ನು ತಾನೇ ಕೊಡುವುದಿಲ್ಲ? ಹಂಸಾಜಿಯ ಎದೆ ಕರಗಿತು. ಕೊಟ್ಟುಬಿಟ್ಟರೆ ಅಣ್ಣ ಎಂಬವನು ಇದ್ದನೆಂಬುದೇ ಮರೆಯುತ್ತದೆ, ಹಾಯಾಗಿ ಇಲ್ಲೇ ಇರಬಹುದು ಎಂದು ಒಂದು ಗಳಿಗೆ ಅನ್ನಿಸಿತು. ಹೊಳೆಯ ಮೇಲೆ ಮರದ ಗೆರೆಗಳು ಹರಿಯುತ್ತಲೇ ಇದ್ದವು.

ಆಮೇಲೆ ಅವಳು ಮೂಗೊರೆಸಿಕೊಂಡು ಹೇಳಿದಳು.

"ಚೆಂದ ಏನಿಲ್ಲ, ಅಮ್ಮ. ನೀವು ಸರಿಯಾಗಿ ಕೇಳಿಸ್ಕೊಳ್ಳಿ. ನಂಗೆ ಈಜು ಕಲಿಸ್ತೀನಿ ಅಂತ ಕೊಳಕ್ಕೆ ತಳ್ಳಿದ. ನನ್ನ ಪಾಲಿನ ಕೊಬ್ಬರಿ ಮಿಠಾಯಿ ತಿಂದು ಇರುವೆ ತಿಂತು ಅಂದ. ರಾತ್ರಿ ಗೊರಕೆ ಹೊಡೀತಾನೆ, ಹೇಳಿದ್ರೆ ಒಪ್ಪಲ್ಲ. ನಂಗೆ ಜ್ವರ ಬಂದಾಗ ಕಷಾಯ ತಂದು, ಕಹಿ ಇದ್ಯಾ ನೋಡ್ತೀನಿ ಅಂತ ಅರ್ಧ ಕುಡಿದು, ಅವನೇ ವಾಂತಿ ಮಾಡ್ದ. ಇಂಥಾ ನೆನಪು ಯಾರಿಗೆ ಬೇಕು? ನಂಗೇ ಇರಲಿ."

ಮರದ ಹೆಂಗಸಿನ ತುಟಿ ಅಲುಗಿತು. ಅವಳು ನಕ್ಕು ಎಷ್ಟು ಕಾಲವಾಗಿತ್ತೋ. ಅವಳು ದಾರಿ ಬಿಟ್ಟಳು.

ಸೇತುವೆಯಾಚೆ ವರ್ಣಾಕ್ಷನ ಕೆಲಸದ ಮನೆ. ಕಾಲಿನಿಂದ ತುಳಿದು ಆಡಿಸುವ ಗರಗಸ, ಒಲೆಯ ಮೇಲೆ ಮರಳಿನ ಬಾಣಲೆ, ಪಕ್ಕದಲ್ಲಿ ಅಂಟಿನ ಮಡಕೆ. ವರ್ಣಾಕ್ಷ ಎದ್ದು ನಿಂತು ಮಣೆ ಹಾಕಿದ. ಮಾಯಾವಿಯಾದರೂ ಮನೆಗೆ ಬಂದವರನ್ನು ನಿಲ್ಲಿಸಿ ಮಾತಾಡಿಸುವವನಲ್ಲ.

"ಅಣ್ಣನ್ನ ಕೇಳೋಕೆ ಬಂದ್ಯಾ? ಕೊಡಲ್ಲ," ಎಂದ. "ಹೊರಗಿದ್ರೆ ಮುದುಕ ಆಗ್ತಾನೆ, ಸಾಯ್ತಾನೆ. ನನ್ನ ಹತ್ರ ಇದ್ರೆ ಬಣ್ಣ ಹೋದ್ರೂ ರೂಪ ಇರುತ್ತೆ. ನನ್ನನ್ನೇ ನೋಡು. ಒಂದೊಂದು ಪದರ ಸುಲಿದು ಕೊಟ್ಟೆ, ಸಾವು ನನ್ನ ಕೈಬಿಟ್ಟಿದೆ. ನೋವೂ ಕೈಬಿಟ್ಟಿದೆ. ಏನು ತಿಂದರೂ ರುಚಿ ಇಲ್ಲ, ಅದೊಂದೇ. ನಿಮ್ಮನೆ ಮಜ್ಜಿಗೆ ಮಾತ್ರ ಯಾಕೋ..."

ಹಂಸಾಜಿಗೆ ಆಗ ಒಂದೆಲಗ ನೆನಪಾಯಿತು. ಇವನು ಪರದೇಶಿಯಲ್ಲ. ಇವನೂ ತಿಳಿಗೊಳದಲ್ಲಿ ಒಬ್ಬ ತಾಯಿಯ ಮಡಿಲಲ್ಲಿ ಬೆಳೆದವನೇ.

"ನೀವು ಮಾಡಿದ್ದೆಲ್ಲ ನೋಡ್ಬಹುದಾ?" ಎಂದಳು.

"ಮುಂದಿನ ಕೋಣೆಯದ್ದು ನೋಡು. ಹಿಂದಿನದು ಬರೀ ಉಳಿದ ಚೂರು. ಅದನ್ನ ಯಾರೂ ನೋಡಲ್ಲ."

ಅವಳು ಮುಂದಿನದರ ಮೇಲೆ ಕಣ್ಣಾಡಿಸಿ ಹಿಂದಿನ ಕೋಣೆಗೇ ಹೋದಳು. ಹಲಗೆಗಳು ಗೋಡೆಗೆ ಮುಖ ಮಾಡಿ ಧೂಳು ತಿನ್ನುತ್ತಿದ್ದವು. ಒಂದೊಂದನ್ನೇ ತಿರುಗಿಸಿದಳು. ತಿಳಿ ಹಲಗೆಯಲ್ಲಿ ಕಪ್ಪು ಗಿಳಿ, ತಿಳಿ ಹಲಗೆಯಲ್ಲಿ ಕಪ್ಪು ಹೂಬುಟ್ಟಿಯ ಹೆಂಗಸು. ಕೊನೆಯದರಲ್ಲಿ ಲೋಟ ಹಿಡಿದ ಕಪ್ಪು ಅರಸ. ಸುತ್ತಲಿನ ತಿಳಿಮರದಿಂದ ಅಣ್ಣನ ರುಮಾಲಿನ ವಾಸನೆ ಬರುತ್ತಿತ್ತು.

ಉಪಾಯವೊಂದು ಅವಳ ತಲೆಯಲ್ಲಿತ್ತು, ಸುಳ್ಳೇಕೆ ಹೇಳಲಿ. ಆದರೆ ಹಲಗೆಯನ್ನು ಬೆಳಕಿಗೆ ಹಿಡಿದಾಗ ಉಪಾಯ ಮರೆತೇಹೋಯಿತು. ಆ ಕಪ್ಪು ಮರದಲ್ಲಿ ಕೆಂಪು ಗೆರೆಗಳು ಸುಳಿಸುಳಿಯಾಗಿ ಓಡುತ್ತಿದ್ದವು, ಅಂಗೈಯ ಗೆರೆಗಳ ಹಾಗೆ. ಇದು ಮುಂದಿನ ಕೋಣೆಯ ಯಾವ ಚಿತ್ರದಲ್ಲೂ ಇರಲಿಲ್ಲ. ಇಷ್ಟೆಲ್ಲ ತನ್ನೊಳಗಿದ್ದ ಮನುಷ್ಯ ಅದನ್ನು ಗೋಡೆಗೆ ತಿರುಗಿಸಿಟ್ಟನಲ್ಲ ಎಂದು ಅವಳು ಹಲಗೆಯ ಧೂಳನ್ನು ಅಂಗೈಯಿಂದ ಒರೆಸಿದಳು.

"ಇದು ಚೆಂದ ಇದೆ," ಎಂದಳು. "ಮುಂದಿನದೆಲ್ಲಕ್ಕಿಂತ ಇದೇ ಚೆಂದ. ಇದು ನೀವೇ ಅಲ್ವಾ?"

ವರ್ಣಾಕ್ಷ ಬಾಗಿಲಲ್ಲಿ ನಿಂತಿದ್ದ. ಅವನ ಕೆಲಸವನ್ನು ರಾಜರು ಹೊಗಳಿದ್ದರು, ರಾಣಿಯರು ಹೊಗಳಿದ್ದರು. ಅವನನ್ನು ಯಾರೂ ಹೊಗಳಿರಲಿಲ್ಲ. ಅವನ ಬಿಳಿ ಮುಖ ಕೆಂಪಾಯಿತು. ತಲೆ ಬಗ್ಗಿತು. ಎಂದೋ ತಾಯಿ ಕಲಿಸಿದ ಮಾತು, ಸೀನು ಬಂದ ಹಾಗೆ, ತಡೆಯುವ ಮೊದಲೇ ಬಂದುಬಿಟ್ಟಿತು.

"ನಿಮ್ದೇ."

ಹೇಳಿದ ಮೇಲೆ ಅವನು ಬೆಚ್ಚಿಬಿದ್ದ. "ನಿಮ್ಮಲ್ಲೇ ಇರಲಿ" ಎಂಬ ಮಾತಿಗಾಗಿ ಅವಳ ಮುಖ ನೋಡಿದ.

ಹಂಸಾಜಿಗೆ ಅವನನ್ನು ಕಂಡು ಕನಿಕರವಾಯಿತು. ಆದರೂ ಹೇಳಿದಳು.

"ಆಗಲಿ."

ಅವನ ಮಾಯೆಯೆಲ್ಲ ನಿಂತಿದ್ದದ್ದೇ ಕೊಟ್ಟ ಮಾತಿನ ಮೇಲೆ. ಇನ್ನು ತಡೆಯುವುದು ಅವನ ಕೈಯಲ್ಲಿರಲಿಲ್ಲ. ಅವಳು ಮಿಕ್ಕ ಹಲಗೆಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದಳು, ನೋಡಿದಳು, ಚೆಂದ ಎಂದಳು. ಪ್ರತಿ ಸಲವೂ ಅವನು ಅಳುತ್ತ "ನಿಮ್ದೇ" ಎಂದ. ಕೊನೆಕೊನೆಗೆ ಅವಳ ಉತ್ತರಕ್ಕೂ ಕಾಯಲಿಲ್ಲ.

ಬೆಟ್ಟದಂಥ ಮೇಜನ್ನು ಕೆಳಗಿಳಿಸಿ ಸಿಂಹಗಳು ಹಲಗೆಗಳನ್ನು ಹೊತ್ತು ಅವಳ ಜೊತೆಗೆ ಓಡಿದವು. ಹಂಸಾಜಿ ಖಾನೆಯಿಂದ ಹೊರಗೆ ಬಂದಾಗ ತುಂಗಮ್ಮ ಬೀರುವಿನ ಮುಂದೆ ತನ್ನ ಸೀರೆಯನ್ನೇ ಪರದೆ ಹಿಡಿದು ನಿಂತಿದ್ದಳು. ಅರಸನ ಅಂಗಿಯ ಹಸಿರು ಪೂರ್ತಿ ಹೋಗಿತ್ತು. ರುಮಾಲಿನ ತುದಿಯಲ್ಲಿ ಒಂದು ಉಗುರಿನಷ್ಟು ಹಳದಿ ಮಾತ್ರ ಉಳಿದಿತ್ತು.

"ಬಿಸಿನೀರು!" ಎಂದಳು ಹಂಸಾಜಿ.

"ಕಾಯ್ಸಿಟ್ಟೀನಿ. ಆಗ್ಲಿಂದ ಕುದೀತಾ ಅದೆ," ಎಂದಳು ತುಂಗಮ್ಮ.

ಹಬೆ ತಾಗಿಸಿದ ಹಾಗೆ ಅಂಟು ಮೆತ್ತಗಾಯಿತು. ಬೀರುವಿನ ಕಪ್ಪು ಹಲಗೆಯಿಂದ ತಿಳಿ ಅರಸನನ್ನು ಎಲೆ ಎತ್ತಿದ ಹಾಗೆ ಎತ್ತಿದರು. ತಿಳಿ ಹಲಗೆಯಿಂದ ಕಪ್ಪು ಅರಸನನ್ನು ಬಿಡಿಸಿದರು. ಹಂಸಾಜಿ ಅಣ್ಣನನ್ನು ಅವನ ಹಲಗೆಗೆ ಕೂರಿಸಿದಳು. ಸೀಳುಗೆರೆ ಕೂಡಿತು, ಚಿತ್ರ ಅಳಿಸಿಹೋಯಿತು. ಮಜ್ಜಿಗೆ ಲೋಟ ನೆಲಕ್ಕೆ ಬಿದ್ದು ಟಣ್ ಎಂದಿತು. ಸಿಂಗರಸ ನಿಂತಿದ್ದ, ಸೀನುತ್ತಿದ್ದ.

ಗರಗಸ ತಿಂದ ಕೂದಲೆಳೆಯಷ್ಟು ಮಾತ್ರ ಮರಳಿ ಬರಲಿಲ್ಲ. ಅವನ ಕಿವಿಯಿಂದ ಹೆಗಲವರೆಗೆ ಒಂದು ಸಣ್ಣ ಗೆರೆ ಕೊನೆಯವರೆಗೂ ಉಳಿಯಿತು.

ಕಪ್ಪು ಚೂರನ್ನು ಕಪ್ಪು ಹಲಗೆಗೆ ಕೂರಿಸಿದಾಗ, ಖಾನೆಯೊಳಗಿನಿಂದ ಯಾರೋ ಕೆಮ್ಮಿದ ಸದ್ದು ಕೇಳಿತು. ಒಂದೊಂದು ಹಲಗೆ ಕೂಡಿದ ಹಾಗೆ ಒಬ್ಬೊಬ್ಬರೇ ಎದ್ದು ಬಂದರು. ಗಿಳಿ ಹಸಿರಾಗಿ ಹಾರಿತು. ಹೂಬುಟ್ಟಿಯ ಹೆಂಗಸು ಕಣ್ಣುಜ್ಜಿಕೊಂಡು ತನ್ನ ಊರಿನ ದಾರಿ ಕೇಳಿದಳು. ಎಲ್ಲ ಕೂಡಿದ ಮೇಲೆ ಒಬ್ಬ ಮುದುಕ ಖಾನೆಯಿಂದ ಕೈಯೂರಿ ಹತ್ತಿ ಬಂದ. ಬೆನ್ನು ಬಾಗಿತ್ತು, ಮಂಡಿ ನೋಯುತ್ತಿತ್ತು. ಪದರವೆಲ್ಲ ಮೈಗೆ ಮರಳಿ ವರ್ಣಾಕ್ಷ ಮತ್ತೆ ಸಾಯಬಲ್ಲ ಮನುಷ್ಯನಾಗಿದ್ದ.

ತುಂಗಮ್ಮ ಬಾಯ್ತುಂಬ ಬೈದಳು. ಬೈಯುತ್ತಲೇ ಒಂದು ಲೋಟ ಮಜ್ಜಿಗೆ ಕೊಟ್ಟಳು. ಅವನು ಕುಡಿದು, "ಉಪ್ಪು ಜಾಸ್ತಿ," ಎಂದು ಅತ್ತ. ಇದ್ದಷ್ಟು ಕಾಲ ಅವನು ಆ ಮನೆಯಲ್ಲೇ ಇದ್ದು, ಬಿಟ್ಟುಹೋದ ಚೂರುಗಳಿಗೆ ಅಂಟು ಹಾಕುತ್ತ, ಹಳೆಯ ಸಾಮಾನನ್ನು ನೋಡಿಕೊಂಡ. ಸಿಂಹಗಳು ದುಂಡು ಮೇಜಿನ ಕೆಳಗಿನ ತಮ್ಮ ಜಾಗಕ್ಕೆ ಹೋದವು. ಆದರೆ ಅಂದಿನಿಂದ ದಿನಾ ಮಧ್ಯಾಹ್ನ ಸ್ವಲ್ಪ ಹೊತ್ತು ಆ ಮೇಜನ್ನು ಎತ್ತಿ ಹಿಡಿಯುವುದು ಆ ಮನೆಯ ಪದ್ಧತಿಯಾಯಿತು.

ಆ ಸಂಜೆ ಸಿಂಗರಸ ತಂಗಿಯ ಪಕ್ಕ ಕೂತ.

"ಅಣ್ಣನ ನೆನಪು ಚೆಂದ ಇಲ್ಲ ಅಂದ್ಯಂತೆ? ಮರಕ್ಕೆ ಮರ ಸುದ್ದಿ ಮುಟ್ಟಿಸುತ್ತೆ, ಎಲ್ಲಾ ಕೇಳಿಸ್ತು. ಗೊರಕೆ ವಿಷಯ ಸುಳ್ಳು."

ಹಂಸಾಜಿ ಅವನ ಅಂಗಿಯ ತೋಳು ಹಿಡಿದುಕೊಂಡು ಜೋರಾಗಿ ಅತ್ತಳು.

ಮುಂದಿನ ಹಬ್ಬಕ್ಕೆ ಪಕ್ಕದ ರಾಜ್ಯದ ರಾಣಿ ನೆಂಟಳಾಗಿ ಬಂದಳು. ಚಿತ್ರದ ಮನೆ ಸುತ್ತಿದಳು, ಎಲ್ಲವನ್ನೂ ಚೆಂದ ಎಂದಳು. ಪ್ರತಿಯೊಂದಕ್ಕೂ ಹಂಸಾಜಿ ನಗುತ್ತ "ನಿಮ್ದೇ" ಎಂದಳು, ರಾಣಿ "ನಿಮ್ಮಲ್ಲೇ ಇರಲಿ" ಎಂದಳು. ಕೊನೆಗೆ ರಾಣಿ ಸಿಂಗರಸನ ಕಡೆ ತಿರುಗಿ, "ಎಂಥಾ ಅಣ್ಣ ನಿಮ್ಮವರು! ಎಷ್ಟು ಚೆಂದ!" ಎಂದಳು.

ಸಭೆಯೆಲ್ಲ ಹಂಸಾಜಿಯ ಬಾಯಿಯನ್ನೇ ನೋಡಿತು. ಹಂಸಾಜಿ ಅಣ್ಣನ ಕೈಯನ್ನು ಹಿಡಿದು, ಚಿಕ್ಕಂದಿನಲ್ಲಿ ಬಳೆ ಬಚ್ಚಿಟ್ಟ ಹಾಗೆ, ತನ್ನ ಬೆನ್ನ ಹಿಂದೆ ಎಳೆದುಕೊಂಡಳು.

"ನಂದು," ಎಂದಳು.

ಯಾರೂ ಬೈಯಲಿಲ್ಲ. ಅಂದಿನಿಂದ ತಿಳಿಗೊಳದಲ್ಲಿ ಮನೆಯ ವಸ್ತುವನ್ನು ಹೊಗಳಿದರೆ "ನಿಮ್ದೇ" ಎನ್ನುತ್ತಾರೆ, ಮನೆಯವರನ್ನು ಹೊಗಳಿದರೆ "ನಂದು" ಎನ್ನುತ್ತಾರೆ. ಅವರು ಅಲ್ಲಿ ಸುಖವಾಗಿದ್ದಾರೆ, ಕತೆ ಕೇಳಿದ ನಾವು ಇಲ್ಲಿ ಸುಖವಾಗಿರೋಣ.